ಐನೂರ ಎಂಟನೆಯ ಮಣಿ

ಗ್ರಿಮ್ಸ್‌ಬಿಯಲ್ಲಿ ಎಲ್ಲರ ತುಟಿಯೂ ಉಪ್ಪೇ.
ಅದಕ್ಕೇ ಕರ್ಸ್ಟಿಗೆ ಗೊತ್ತಾಗಲಿಲ್ಲ,
ಮಗುವಿನ ಹಣೆಗೆ ಮುತ್ತಿಟ್ಟಾಗ
ನಾಲಗೆಗೆ ಹತ್ತಿದ್ದು ಮಗುವಿನ ಉಪ್ಪೋ,
ಹಗಲೆಲ್ಲ ಹ್ಯಾಡಕ್ ಮೀನು ಸೀಳುವ ತನ್ನ ಮೈಯದೋ ಎಂದು.

ಹಿಮ್ಮಡಿಯಿಂದ ಹಿಂಡಿದ ನಾಲ್ಕು ಹನಿ ರಕ್ತ
ಕಾಗದದ ಮೇಲೆ ಒಣಗಿ, ಊರು ದಾಟಿ,
ಉತ್ತರ ಹೊತ್ತು ಬಂತು. ಹೇಳುವ ಸರದಿ ನನ್ನದು.

ಇಲ್ಲಿಯ ನರ್ಸು ನಾನು. ಎದೆಯ ಚೀಟಿಯಲ್ಲಿ ಸುಮುಖಿ,
ಇವರ ಬಾಯಲ್ಲಿ ಸುಮುಕಿ.
ಮಹಾಪ್ರಾಣ ಹೋದರೂ
ಕರೆದರೆ ತಿರುಗುವವಳು ನಾನೇ.
ಅಂಥ ತಪ್ಪೂ ಉಂಟು ಜೀವದ ಬರಹದಲ್ಲಿ:
ಕಥೆ ಕತೆಯಾದರೆ ಯಾರಿಗೇನು ನಷ್ಟ?
ಒಂದು ಒತ್ತು ಹೆಚ್ಚು ಬಿತ್ತೋ,
ಅದೇ ಕತೆ ಕತ್ತೆ.
ಹಾಲು ಹಾಳಾಗಲು
ನಾಲಗೆ ತುಸು ಮಡಚಿದರೆ ಸಾಕು.

ಒಂದಕ್ಷರ ಕಳೆದರೆ ಇನ್ನೂ ಘೋರ. ಜೀವ
ಮೂರು ಮೂರಾಗಿಯೇ ಓದುವುದು, ಹಿಂದಿರುಗಿ ನೋಡದೆ:
ಮಗಳು ಬಂದಳು ನಗುತ.
ಗ ಬಿದ್ದುಹೋಗಲಿ,
ಮಳುಬಂ ದಳುನ ಗುತ.
ಯಾವ ಮಗಳು, ಎಲ್ಲಿಯ ನಗು?
ಒಮ್ಮೊಮ್ಮೆ ಅಷ್ಟೂ ಇಲ್ಲ.
ಮಗಳು, ಅಂದಲ್ಲಿಗೇ ಪೂರ್ಣವಿರಾಮ.

ಈ ಮಗುವಿನಲ್ಲಿ ಕಳೆದದ್ದು ಸರಿಯಾಗಿ ಮೂರಕ್ಷರ.
ಮುಂದಿನ ಸಾಲು ಅಲುಗಲಿಲ್ಲ.
ಸಾವಿರದ ನಾನೂರ ಎಂಬತ್ತು ಮಣಿಯ ಸರದಲ್ಲಿ
ಐನೂರ ಎಂಟನೆಯದೊಂದು ಇಲ್ಲ.
ಅಷ್ಟಕ್ಕೇ ಸರ ಮಡಚಿಕೊಳ್ಳಲು ಮರೆತು,
ಉಪ್ಪಿಗೆ ಬಾಗಿಲಾಗಬೇಕಿದ್ದ ಪ್ರೋಟೀನು
ಹೊಸ್ತಿಲು ಮುಟ್ಟುವ ಮುನ್ನವೇ
ಜೀವಕೋಶದ ತಪಾಸಣೆಯಲ್ಲಿ ಸಿಕ್ಕಿಬಿದ್ದು
ಚೂರಾಗಿ ಗುಜರಿಗೆ.

ಇಂಗ್ಲಿಷಿನಲ್ಲಿ ಹೇಳಲು ಹೊರಟಾಗ
ನನ್ನ ಹಾಲು, ನನ್ನ ಕತ್ತೆ, ಒಂದೂ ಒದಗಲಿಲ್ಲ.
ಕರ್ಸ್ಟಿ ಕೇಳಿದ್ದು ಒಂದೇ: ಯಾರ ಕಡೆಯಿಂದ?
ಇಬ್ಬರ ಕಡೆಯಿಂದಲೂ, ಅಂದೆ.
ಗಂಡ ಟೋಪಿ ತೆಗೆದು ಅದರೊಳಗೆ ನೋಡಿದ,
ಬಿದ್ದದ್ದು ಅಲ್ಲೇ ಇರಬಹುದೇನೋ ಎಂಬಂತೆ.

ಮಾತ್ರೆಗಳಿವೆ ಈಗ. ಸಾಲು ತಿದ್ದಲಾರವು,
ಮಡಚುವುದನ್ನು ಕಲಿಸುತ್ತವೆ. ಎರಡು ವರ್ಷ ತುಂಬಲಿ.
ಅಲ್ಲಿಯವರೆಗೆ ಬೆನ್ನು ತಟ್ಟಿ ಕಫ ಸಡಿಲಿಸುವುದು ಹೀಗೆ,
ಅಂಗೈ ಬಟ್ಟಲಾಗಿಸಿ ತೋರಿಸಿದೆ.

ಕರ್ಸ್ಟಿ ಎದ್ದು ಸಿಂಕಿಗೆ ಹೋದಳು.
ಎರಡು ಸಲ ಸೋಪು ಹಾಕಿ ಕೈ ತೊಳೆದಳು, ಬಾಯಿ ಮುಕ್ಕಳಿಸಿದಳು,
ಬಂದು ಮಗುವಿನ ಹಣೆಗೆ ಮತ್ತೆ ಮುತ್ತಿಟ್ಟಳು.
ಈ ಸಲ ರುಚಿ ನೋಡಿದಳು.

ಹೂಂ, ಇವಳದೇ, ಅಂದಳು.