ಕರೆಂಟು ಹೋದ ಮೇಲಿನ ಕಥೆ

ಶನಿವಾರ ನಮ್ಮದು ಸೋತ ಚಿತ್ರಗಳ ವಾರ.
ಯಾರೂ ನೋಡದೆ ಡಬ್ಬ ಸೇರಿದವು,
ನೋಡಿದ ನಾಲ್ಕು ಜನರನ್ನು ಸಾಯುವ ತನಕ ಬಿಡದವು.
ಲಮಾರಾ ಅಕ್ರೋಟು ಒಡೆಯುತ್ತಾಳೆ,
ನಾನು ಪಟ್ಟಿ ಓದುತ್ತೇನೆ,
ಕುತೈಸಿಯ ಈ ಐದನೇ ಮಹಡಿಯಲ್ಲಿ.
ಇಲ್ಲಿ ಲಿಫ್ಟು ಇನ್ನೂ ನಾಣ್ಯ ಕೇಳುತ್ತದೆ.

ಇವತ್ತು ಕ್ಷೌರಿಕನ ಚಿತ್ರ.
ಕೆಳಮನೆಯ ಹುಡುಗ ಎಲ್ಲಿಂದಲೋ ಹುಡುಕಿ ಕೊಟ್ಟ,
ಕಿರುಬೆರಳಿನಷ್ಟು ಪೆನ್‌ಡ್ರೈವಿನಲ್ಲಿ ಇಡೀ ಬೆಟ್ಟ.
"ಅದೇನಾ?" ಎಂದಳು.
"ಅದೇ."

ತೊಂಬತ್ಮೂರರ ಚಳಿಗಾಲ.
ದಿನಕ್ಕೆ ಎರಡು ಗಂಟೆ ಕರೆಂಟು, ಅದೂ ಅದಕ್ಕೆ ಮನಸ್ಸು ಬಂದರೆ.
ಬಂದೊಡನೆ ಬೀದಿಯೆಲ್ಲ ಹೋ ಎನ್ನುತ್ತಿತ್ತು.
ಯಾರೋ ಇಸ್ತ್ರಿಗೆ, ಯಾರೋ ರೊಟ್ಟಿಗೆ ಓಡುವಾಗ
ನಾವಿಬ್ಬರು ಹುಚ್ಚರು ಕ್ಯಾಸೆಟ್ಟು ತುರುಕುತ್ತಿದ್ದೆವು.
ಮೂಗಿನಲ್ಲಿ ಮಾತಾಡುವ ಒಬ್ಬನೇ ಗಂಡಸು
ಎಲ್ಲರಿಗೂ ರಷ್ಯನ್ ದನಿ ಕೊಡುತ್ತಿದ್ದ.
ಮದುಮಗಳಿಗೂ ಅವನೇ, ಪಾದ್ರಿಗೂ ಅವನೇ,
ಸಿಟ್ಟಿಗೂ ಮುತ್ತಿಗೂ ಒಂದೇ ನೆಗಡಿ.

ಕ್ಷೌರಿಕನೊಬ್ಬ ಆಳೆತ್ತರದ ಕನ್ನಡಿಯನ್ನು
ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ದಾಟುತ್ತಾನೆ.
ಆಚೆಯ ಹಳ್ಳಿಯಲ್ಲಿ ಯಾರೂ
ತಮ್ಮ ಮುಖವನ್ನು ಇಡಿಯಾಗಿ ಕಂಡಿಲ್ಲ.
ಅಷ್ಟೇ ಕಥೆ. ಎಂಬತ್ತು ನಿಮಿಷ ನಡಿಗೆ.
ಅವನ ಬೆನ್ನ ಮೇಲೆ ಮೋಡ ನಡೆಯುತ್ತದೆ,
ಹದ್ದು ತನ್ನನ್ನೇ ಕಂಡು ಬೆಚ್ಚುತ್ತದೆ,
ಕಣಿವೆಯ ನೆತ್ತಿಗೆ ಬಂದು, ಕಾಲು ಜಾರಿ

ಕರೆಂಟು ಹೋಯಿತು.

ಕ್ಯಾಸೆಟ್ಟು ಎರವಲಿನದು, ಬೆಳಿಗ್ಗೆ ವಾಪಸು.
ಕತ್ತಲಲ್ಲಿ, ಎರಡು ಕೋಟು ಒಂದು ಕಂಬಳಿಯೊಳಗೆ,
"ಮುಂದೇನು, ಓತಾರ್? ನೀನು ಟಾಕೀಸಿನಲ್ಲಿ ನೋಡಿದ್ದೆಯಲ್ಲ."
ನೋಡಿರಲಿಲ್ಲ.
ನೋಡಿದ್ದೇನೆಂದು ಮದುವೆಗೆ ಮುಂಚೆ ಜಂಭ ಕೊಚ್ಚಿದ್ದೆ.
ಈಗ ಆ ಸುಳ್ಳಿಗೆ ಕೈಕಾಲು ಮೂಡಿಸಲೇಬೇಕಾಯಿತು.

ಕನ್ನಡಿ ಒಡೆಯಿತು, ಎಂದೆ. ಅವನು ಅಳಲಿಲ್ಲ.
ಚೂರುಗಳನ್ನೆಲ್ಲ ಆಯ್ದು ಟೋಪಿಗೆ ತುಂಬಿ
ಹಳ್ಳಿಗಿಳಿದು ಮನೆಗೊಂದರಂತೆ ಹಂಚಿದ.
ಒಬ್ಬಳಿಗೆ ಕಣ್ಣು ಮಾತ್ರ ಸಿಕ್ಕಿತು, ಒಬ್ಬನಿಗೆ ಮೀಸೆ.
ಪೂರ್ತಿ ಮುಖ ಬೇಕಾದ ದಿನ
ಊರಿಗೆ ಊರೇ ಒಂದು ಅಂಗಳಕ್ಕೆ ಬರಬೇಕಿತ್ತು.

ಅವಳು ಮಾತಾಡಲಿಲ್ಲ.
ಕೈ ಹಿಡಿದದ್ದು ಚಿತ್ರಕ್ಕೋ ಚಳಿಗೋ ಕೇಳಲಿಲ್ಲ ನಾನು.

ಆಮೇಲೆ ಅದು ನಮ್ಮ ಮನೆಮಾತಾಯಿತು.
ಸರದಿಯಲ್ಲಿ ಯಾರಾದರೂ ರೊಟ್ಟಿ ಮುರಿದು ಕೊಟ್ಟರೆ
"ಟೋಪಿಯವನು ಬಂದ" ಅನ್ನುತ್ತಿದ್ದಳು.
ಜಗಳವಾದರೆ, "ನಿನ್ನ ಚೂರಿನಲ್ಲಿ ಬರೀ ನಿನ್ನ ಮೀಸೆ."

ಮೂವತ್ತು ವರ್ಷದ ಮೇಲೆ ಅದೇ ಕಣಿವೆ, ಅದೇ ಕಾಲು.
ನನ್ನ ಹೊಟ್ಟೆಯಲ್ಲಿ ಹಳೆಯ ಸುಳ್ಳು ಮಗ್ಗುಲು ಬದಲಿಸಿತು.
ಜಾರಿದ. ಸಾವರಿಸಿಕೊಂಡ.
ಹಳ್ಳಿಗೆ ಹೋಗಲೇ ಇಲ್ಲ.
ದಾರಿಯಲ್ಲಿ ಸಿಕ್ಕ ವ್ಯಾಪಾರಿಗೆ ಕನ್ನಡಿ ಮಾರಿ
ಒಂದು ಹೇಸರಗತ್ತೆ ಕೊಂಡು, ಅದರ ಮೇಲೆ ಕೂತು,
ಬಂದ ದಾರಿಯಲ್ಲೇ ಇಳಿದು ಹೋದ.
ಮುಗಿಯಿತು. ಹೆಸರುಗಳು ಮೇಲೇರಿದವು:
ದೀಪದವನು, ಕತ್ತೆಯವನು, ಯಾರದೋ ಅತ್ತಿಗೆಗೆ ಕೃತಜ್ಞತೆ.

"ಇದಕ್ಕೇ ಸೋತದ್ದು" ಎಂದೆ, ಅವಳತ್ತ ನೋಡದೆ.
"ಇಲ್ಲ, ಇದೇ ಸರಿ. ಹೊತ್ತವನಿಗೆ ಗೊತ್ತು ಭಾರ.
ಇಡೀ ಚಿತ್ರದಲ್ಲಿ ಅವನು ಮಾಡಿದ
ಬುದ್ಧಿವಂತ ಕೆಲಸ ಆ ಕತ್ತೆಯೊಂದೇ.
ನಿನ್ನದು ಭಾನುವಾರದ ಪ್ರವಚನ."
ವಾದ ಬೆಳೆಯಿತು. ಚಹಾ ಆರಿತು.
ಹದ್ದಿನ ದೃಶ್ಯ ಮಾತ್ರ ಇಬ್ಬರೂ ಬಿಟ್ಟುಕೊಡಲಿಲ್ಲ,
ಅದನ್ನು ಎರಡು ಸಲ ಹಿಂದಕ್ಕೆ ಓಡಿಸಿದೆವು.
ಕೊನೆಗೆ ನಾನೇ ಒಪ್ಪಿಕೊಂಡೆ,
"ಲಮಾರಾ, ಆಗ ನಾನು ನೋಡಿರಲಿಲ್ಲ."

ಅಕ್ರೋಟಿನ ಸಿಪ್ಪೆ ಅಂಗೈಗೆ ಬಳಿದುಕೊಳ್ಳುತ್ತ
"ಗೊತ್ತು" ಎಂದಳು. "ನಾನು ನೋಡಿದ್ದೆ.
ಬತೂಮಿಯಲ್ಲಿ. ಎರಡು ಸಲ."

ಹಾಗಾದರೆ ಆ ಕತ್ತಲಲ್ಲಿ
ಕತ್ತೆಯನ್ನು ಮನಸ್ಸಿನಲ್ಲೇ ಕಟ್ಟಿಹಾಕಿ
ನನ್ನ ಟೋಪಿಯಿಂದ ಒಂದೊಂದೇ ಚೂರು ಬೀಳುವುದನ್ನು
ಸುಮ್ಮನೆ ಕೇಳಿಸಿಕೊಂಡಿದ್ದಳು.

"ಎರಡು ಸಲ? ಯಾರ ಜೊತೆ?"

ಅವಳು ಎದ್ದು ಕೆಟಲಿಗೆ ನೀರು ತುಂಬಿದಳು.
"ಮುಂದಿನ ವಾರ ಆ ದೀಪಸ್ತಂಭದ್ದು ಹಾಕು.
ಅದರ ಕೊನೆ ನಿಜಕ್ಕೂ ನನಗೆ ಗೊತ್ತಿಲ್ಲ."