ಖುತೇಜಾಬಿಯ ಒಣ ಕೋಣೆ

ಶಿಡ್ಲಘಟ್ಟದಲ್ಲಿ ಮಳೆ ಕಮ್ಮಿ, ಎಲ್ಲರಿಗೂ ಗೊತ್ತು.
ಆದರೆ ಈ ಮನೆಯೊಳಗೆ ಯಾವಾಗಲೂ ಮೋಡ.
ಹಿತ್ತಲ ಶೆಡ್ಡಿನಲ್ಲಿ ಆರು ಬೇಸಿನ್ನು, ಕುದಿವ ನೀರಲ್ಲಿ ಗೂಡು,
ಹಬೆ ಎದ್ದು ತಗಡಿಗೆ ತಾಕಿ, ಗೋಡೆ ಇಳಿದು,
ಹೊಸ್ತಿಲು ದಾಟಿ ಒಳಗೆ ಬಂದು
ಅಕ್ಕಿ ಡಬ್ಬದಲ್ಲೂ ಕೂರುತ್ತದೆ.
ಬೆಂಕಿಕಡ್ಡಿ ಹತ್ತಲ್ಲ. ಉಪ್ಪು ಉದುರಲ್ಲ.
ಹುಳದ ವಾಸನೆಗೆ ಮೂರನೇ ದಿನ ಮೂಗು ಒಗ್ಗುತ್ತದೆ,
ನನ್ನ ಮೊಣಕಾಲು ಸಿಮೆಂಟಿಗೆ ಒಗ್ಗಿದ ಹಾಗೆ.

ಎರಡು ವರ್ಷದ ಹಿಂದೆ ಖುತೇಜಾಬಿ ಅಂದಿದ್ದಳು:
"ಕದಿರಪ್ಪಾ, ಬೆಳಿಗ್ಗೆ ಐದರಿಂದ ನನ್ನ ಕಾಲು ನೀರಲ್ಲಿ.
ನನಗೊಂದು ಕೋಣೆ ಮಾಡಿಕೊಡು,
ಒಣಗಿದ್ದು. ಮರದ್ದು. ಟೀವೀಲಿ ತೋರಿಸ್ತಾರಲ್ಲ, ಅಂಥದ್ದು."
ಮಾಡಿಕೊಟ್ಟೆ.
ಅದು ಮರ ಅಲ್ಲ, ಮರದ ಹುಡಿ ಒತ್ತಿ
ಮೇಲೆ ಮರದ ಫೋಟೋ ಅಂಟಿಸಿದ ಹಲಗೆ.
ನನಗೆ ಗೊತ್ತಿತ್ತು.
ಮೊದಲು ನೆಲದ ತೇವ ನೋಡಬೇಕು, ಅದೂ ಗೊತ್ತಿತ್ತು.
ಚಿಂತಾಮಣಿಯಲ್ಲಿ ಇನ್ನೊಂದು ಕೆಲಸ ಕಾಯುತ್ತಿತ್ತು.
ನೋಡಲಿಲ್ಲ.

ಹಲಗೆ ಕುಡಿಯಿತು. ಕುಡಿದು ಕುಡಿದು
ಅಂಚೆತ್ತಿತು, ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ.
ಕಾಲಿಟ್ಟರೆ ಪಿಚಕ್ಕೆಂದು ಉಗುಳಿತು.
ಅವಳು ಜಗಳಕ್ಕೆ ಬರಲಿಲ್ಲ.
ಗೂಡಿನ ಮಾರ್ಕೆಟ್ಟಿನ ಹತ್ತಿರ ಸಿಕ್ಕಾಗ
"ನಿನ್ನ ಮರ ಚಿಗುರುತ್ತಾ ಇದೆ, ಬಂದು ನೋಡು" ಅಂದಳು.
ಅಷ್ಟೇ.

ಅದಕ್ಕೇ ಈ ಸಲ ಕೂಲಿ ಮಾತಾಡದೆ ಬಂದೆ.
ಹಲಗೆ ಕಿತ್ತು, ಬರಿ ನೆಲದ ಮೇಲೆ
ಮೊಳದಗಲ ಪ್ಲಾಸ್ಟಿಕ್ಕು ಹಾಸಿ
ನಾಲ್ಕಂಚಿಗೂ ಟೇಪು ಬಿಗಿದು ಹೋದೆ.
ಬೆಳಿಗ್ಗೆ ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಎತ್ತಿದೆವು.
ಒಳಮೈ ತುಂಬ ಹನಿ, ಸಾಸಿವೆಯಷ್ಟು,
ಜೋಳದಷ್ಟು,
ಒಂದನ್ನೊಂದು ಸೇರಲು ಹೊಂಚುತ್ತಾ.
ಅವಳು ಬೆರಳಲ್ಲಿ ಒಂದನ್ನು ಒರೆಸಿ ಮೂಸಿದಳು.
ಬಿಸಿನೀರಲ್ಲಿ ನೆನೆದು ನೆನೆದು ಗೆರೆ ಅಳಿದ ಬೆರಳು,
ರೇಷನ್ ಅಂಗಡಿಯ ಯಂತ್ರಕ್ಕೂ ಗುರುತು ಸಿಗದ್ದು.
"ನಂದೇ" ಅಂದಳು. "ಇಪ್ಪತ್ತು ವರ್ಷದ ಹಬೆ.
ಎಲ್ಲಿ ಹೋಯ್ತು ಅಂದ್ಕೊಂಡಿದ್ದೆ."

ಆಮೇಲೆ ಕೆಲಸ, ಹೇಳುವುದೇನಿಲ್ಲ.
ಅಗೆದೆ. ಜಲ್ಲಿ ಸುರಿದು ದಮ್ಮಸು ಹೊಡೆದೆ.
ದಪ್ಪ ಹಾಳೆ ಹಾಸಿ ಗೋಡೆಗೆ ಗೇಣುದ್ದ ಹತ್ತಿಸಿದೆ.
ಮೇಲೆ ಕಾಂಕ್ರೀಟು. ಅದು ಆರಬೇಕು, ಕಾದೆ.
ಚಿಂತಾಮಣಿಯಿಂದ ಫೋನು ಬಂದಾಗೆಲ್ಲ
"ಇನ್ನೂ ಆರಿಲ್ಲ ಸಾರ್" ಅಂದೆ.
ಎರಡನೇ ಸಲದ ಪ್ಲಾಸ್ಟಿಕ್ಕು
ಒಣಗಿದ ಮುತ್ತುಗದೆಲೆಯಂತೆ ಸರಕ್ಕನೆ ಎದ್ದಿತು.
ಆಗ ಟೈಲ್ಸು. ಮರದ ಗೆರೆಯದ್ದೇ, ಅವಳ ಆಸೆಗೆ,
ಮೈ ಒರಟು, ಕಾಲು ಜಾರದ್ದು.
ಬಾಗಿಲ ಕಡೆಗೆ ಎರಡು ನೂಲು ವಾಟ
(ಮೇಸ್ತ್ರಿಗಳ ಲೆಕ್ಕದ ನೂಲು, ಅವಳದ್ದಲ್ಲ),
ಗೋಡೆಯಂಚಿಗೆ ಸಣ್ಣ ಸಂದು, ಹಿಗ್ಗಲಿಕ್ಕೆ.

ಕೊನೆಯ ಸಂಜೆ ಒಂದು ರೂಪಾಯಿ ನಾಣ್ಯ ಹಿಡಿದು
ಮೊಣಕಾಲೂರಿ ಒಂದೊಂದನ್ನೇ ತಟ್ಟಿದಳು.
ಟಕ್. ಟಕ್. ಟಕ್.
ಆರು ಬೇಸಿನ್ನಿನಲ್ಲಿ ಒಂದೆಳೆ ತುಂಡಾದರೂ
ತಿರುಗದೆ ತಿಳಿವ ಹೆಂಗಸು.
ಕಿಟಕಿ ಮೂಲೆಯಲ್ಲಿ ಕೈ ನಿಂತಿತು. ಟೊಕ್.
ನನಗೂ ಕೇಳಿತ್ತು, ಮಧ್ಯಾಹ್ನವೇ.
ಮಂಚ ಬರುವ ಜಾಗ ಅಂತ ಸುಮ್ಮನಿದ್ದೆ.
"ಪೊಳ್ಳು" ಅಂದಳು.
"ಪೊಳ್ಳೇ" ಅಂದೆ. ಉಳಿ ತಗೊಂಡೆ.

ಈಗ ಸಂದು ತುಂಬಿ ಆಗಿದೆ.
ನಾಳೆಯ ತನಕ ಕಾಲಿಡಬೇಡಿ ಅಂದಿದ್ದೇನೆ.
ಬೇಸಿನ್ನಿನ ಒಲೆ ಆರಿಸಿ ಬಂದು ಖುತೇಜಾಬಿ
ಹೊಸ್ತಿಲ ಮೇಲೆ ಕೂತಿದ್ದಾಳೆ,
ಪಾದ ಎರಡೂ ಹೊರಗೆ, ಬಿಸಿಲಿಗೆ,
ಕೋಣೆಗೆ ಬೆನ್ನು ಹಾಕಿ,
ಗಳಿಗೆಗೊಮ್ಮೆ ತಿರುಗಿ ನೋಡುತ್ತಾ,
ಒಲೆಯ ಮೇಲೆ ಹಾಲಿಟ್ಟವಳ ಹಾಗೆ.