ಅರ್ಧ ಆಣೆ

ಪಂಚಾಯತಿನ ಓವರ್‌ಸಿಯರ್ ನಾನು. ಹೋದದ್ದು
ಕೆಡಹುವ ಲೆಕ್ಕ ಬರೆಯಲಿಕ್ಕೆ.
ಶಿರಿಯ ಹೊಳೆಯ ದಂಡೆ, ಹಳೆಯ ಕಡವು,
ಮುರಕಲ್ಲಿನ ಸುಂಕದ ಮನೆ.
ಸೇತುವೆ ಬಂದ ಮೇಲೆ ದೋಣಿಯಿಲ್ಲ,
ದೋಣಿ ಹೋದ ಮೇಲೆ ಸುಂಕವಿಲ್ಲ,
ಆಮೇಲೆ ಸೊಸೈಟಿಯವರ ಗೊಬ್ಬರದ ಗೋದಾಮು,
ಆಮೇಲೆ ಬಾವಲಿ.
ಫೈಲಿನಲ್ಲಿ, ಮಲಯಾಳದಲ್ಲಿ, ಒಂದೇ ಸಾಲು:
ಶಿಥಿಲ, ಉಪಯೋಗವಿಲ್ಲ.
ಕೆಳಗೆ ನನ್ನ ಸಹಿಯ ಜಾಗ ಖಾಲಿ.

ನೋಡಿದರೆ ನನಗಿಂತ ಮೊದಲೇ ಬಂದು
ಅಳೆಯುತ್ತಿದ್ದಾರೆ ನಾಲ್ಕು ಮಂದಿ.
ಹತ್ತನೆಯ ಪರೀಕ್ಷೆ ಮುಗಿದ ಎಪ್ರಿಲ್ ತಿಂಗಳು.
ಶಮ್ನಾಳ ಕೈಯಲ್ಲಿ ಉಮ್ಮನ ಹೊಲಿಗೆಯ ಟೇಪು,
ಅರುವತ್ತು ಇಂಚಿಗೆ ಮುಗಿಯುತ್ತದೆ, ಮುಗಿದಲ್ಲಿ
ಸೀಮೆಸುಣ್ಣದ ಗೀಟು, ಅಲ್ಲಿಂದ ಮತ್ತೆ.
ಬರೆದುಕೊಳ್ಳುವವಳು ವಿಲ್ಮಾ ಕ್ರಾಸ್ತಾ.
ಪ್ರಜಿತ್ ಮೀನಿನ ಪೆಟ್ಟಿಗೆ ಕವುಚಿ ಹಾಕಿ, ಮೇಲೆ ನಿಂತು,
ಮಾಡಿನ ಹಂಚು ಎಣಿಸುತ್ತಾನೆ;
ಬಾವಲಿ ಎದ್ದರೆ ಲೆಕ್ಕ ತಪ್ಪುತ್ತದೆ,
ಬೈದು, ಮತ್ತೆ ಒಂದರಿಂದ.

‘ಯಾರು ಹೇಳಿದ್ದು ನಿಮಗೆ?’
‘ಯಾರೂ ಇಲ್ಲ ಸಾರ್. ಒಳಗೆ ತಂಪುಂಟು.
ಮೊಬೈಲು ನೋಡಲಿಕ್ಕೆ ಬಂದದ್ದು.
ಆಮೇಲೆ ಈ ನಾಯಿ ಸಿಕ್ಕಿತು.’

ಶಮ್ನಾ ಪಾದದಿಂದ ಧೂಳು ಸರಿಸಿದಳು.
ಹಸಿ ಮಣ್ಣಾಗಿದ್ದಾಗ ಯಾವುದೋ ನಾಯಿ
ಮೂರು ನೆಲಹಂಚು ತುಳಿದು ಹೋಗಿದೆ.
‘ಸುಟ್ಟ ಮೇಲೆ ಹಂಚು ಚದುರಿ ಹೋಗುತ್ತದಲ್ಲ,
ಗಾರೆಯವ ಮೂರನ್ನೂ ಹುಡುಕಿ
ಸಾಲಾಗಿಯೇ ಕೂರಿಸಿದ್ದಾನೆ, ಬೇಕೆಂದೇ.’
ಹೌದು. ನಾಯಿ ಬಾಗಿಲು ದಾಟಿ
ಹೊಳೆಯ ಕಡೆಗೇ ಹೋಗುತ್ತಿದೆ ಇನ್ನೂ.
ಇಪ್ಪತ್ತೆರಡು ವರ್ಷ ಅಳೆದವನು ನಾನು:
ಉದ್ದ, ಅಗಲ, ಎತ್ತರ. ನಾಯಿಗೆ
ನನ್ನ ಫಾರಮ್ಮಿನಲ್ಲಿ ಕಾಲಮ್ಮಿಲ್ಲ.

ನಾಲ್ವರಲ್ಲಿ ಕನ್ನಡ ಶಾಲೆಯವಳು ಪವಿತ್ರಾ,
ಐತ್ತಪ್ಪಣ್ಣನ ಮಗಳು. ಬಾಗಿಲ ಮೇಲಿನ ಸುಣ್ಣವನ್ನು
ಒದ್ದೆ ಚಿಂದಿಯಿಂದ ಮೆಲ್ಲಗೆ ಉಜ್ಜಿ
ಹೊರಬಂದದ್ದನ್ನು ಕೂಡಿಸಿ ಓದಿದಳು:

ಆಳಿಗೆ ಅರ್ಧ ಆಣೆ.
ದನಕ್ಕೆ ಒಂದು ಆಣೆ, ಹಾಲು ಕುಡಿವ ಕರುವಿಗೆ ಬಿಟ್ಟಿ.
ಉಪ್ಪಿನ ಮೂಟೆಗೆ ಮುಕ್ಕಾಲು.
ಹೆಣಕ್ಕೆ ಇಲ್ಲ. ಹೊತ್ತವರಿಗೂ ಇಲ್ಲ.

ಓದಿ ನಿಂತಳು. ‘ಸಾರ್,
ಅರ್ಧ ಆಣೆ ಇಡುವುದು ಹೇಗೆ?
ಆಣೆ ಅಂದರೆ ಪೂರ್ತಿ ಅಲ್ಲವಾ, ದೇವರ ಎದುರು?’
ನಗು ಬಂತು. ಹದಿನಾರು ಆಣೆಗೆ ಒಂದು ರೂಪಾಯಿ ಎಂದೆ.
ಶಮ್ನಾ ಅದನ್ನು ಪ್ರಜಿತನಿಗೆ ಮಲಯಾಳ ಮಾಡಿದಳು,
ವಿಲ್ಮಾ ಕೊಂಕಣಿಯಲ್ಲಿ ತನಗೆ ತಾನೇ.
‘ಹೆಣಕ್ಕೆ ಯಾಕಿಲ್ಲ?’ ಪ್ರಜಿತನ ಪ್ರಶ್ನೆ.
ನನಗೆ ಉತ್ತರ ತೋಚಲಿಲ್ಲ.
‘ವಾಪಸು ಬರಲಿಕ್ಕಿಲ್ಲವಲ್ಲ ಮಾರಾಯ,
ಯಾರ ಹತ್ತಿರ ಕೇಳುವುದು!’ ಶಮ್ನಾ.

ಆಮೇಲೆ ನಾನೂ ಟೇಪಿನ ತುದಿ ಹಿಡಿದೆ.
ಗೋಡೆಯ ದಪ್ಪ, ನನ್ನ ಉಕ್ಕಿನ ಟೇಪಿನಲ್ಲಿ,
ಎರಡಡಿ ನಾಲ್ಕೂವರೆ ಇಂಚು.
ಅವರ ಪುಸ್ತಕದಲ್ಲಿ ಎರಡಡಿ ನಾಲ್ಕು.
‘ಸಾರ್, ನಿಮ್ಮ ಕೊಕ್ಕೆ ಬಗ್ಗಿದೆ’ ಎಂದಳು ವಿಲ್ಮಾ
ತಲೆ ಎತ್ತದೆ.
ಬಗ್ಗಿತ್ತು. ಎಷ್ಟು ಮನೆಗಳಿಗೆ
ಅರ್ಧ ಇಂಚು ಸುಳ್ಳು ಬರೆದೆನೋ.

ಸಂಜೆ ಆಫೀಸು. ಫ್ಯಾನಿನ ಗಾಳಿಗೆ ಹಾರುವ ಫೈಲಿನ ಮೇಲೆ
ಊಟದ ಬುತ್ತಿ ಇಟ್ಟು ಕೂತೆ.
ಸೆಕ್ರೆಟರಿ ಎರಡು ಸಲ ಕೇಳಿ ಮನೆಗೆ ಹೋದರು.
‘ಕೆಡಹಬಹುದು’ ಎಂಬುದಕ್ಕೆ ಒಂದೇ ಗೆರೆಯ ಜಾಗ.
ಬರೆದೆ: ಅಳತೆ ಪೂರ್ತಿಯಾಗಿಲ್ಲ.
ಮಾಡಿನ ಹಂಚು ಎಣಿಸುವುದು ಬಾಕಿ.
ಮಳೆಗಾಲ ಕಳೆದು ಮತ್ತೊಮ್ಮೆ ಪರಿಶೀಲನೆ.

ಇದು ಉಳಿಸಿದ್ದಲ್ಲ, ಗೊತ್ತು.
ಜೂನಿನ ಗಾಳಿಗೆ ಪಕಾಸು ತಡೆಯಬೇಕು,
ಹೊಸ ಮೆಂಬರು ಮರೆತಿರಬೇಕು,
ನನಗೆ ವರ್ಗ ಬರಬಾರದು.
ಆದರೂ ಪವಿತ್ರಾ, ನೀನು ಕೇಳಿದ್ದೆಯಲ್ಲ,
ಹೀಗೆ
ಇಡುವುದು
ಅರ್ಧ ಆಣೆ.